ವಿಟಮಿನ್ ಮಾತ್ರೆ: ಯಾರಿಗೆ ಬೇಕು, ಯಾರಿಗೆ ಬೇಡ?



ಕನಕಪುರ, ಆನೇಕಲ್, ಮಾಗಡಿ ಕಡೆಯ ಸಂಘಗಳಲ್ಲಿ ನೀವು ಅಳೆದು ಕೊಟ್ಟ ಹಾಲು ಡೇರಿ ಸೇರಿ, ಪೊಟ್ಟಣವಾಗಿ, ನಸುಕಿನಲ್ಲೇ ಬೆಂಗಳೂರಿನ ಬೀದಿಗಳನ್ನು ತಲುಪುತ್ತದೆ. ಡೇರಿ ಸರ್ಕಲ್‌ನಿಂದ ಹೆಚ್ಚು ದೂರವಿಲ್ಲದ ತಿಲಕ್ ನಗರಕ್ಕೂ ಹೋಗುತ್ತದೆ. ಜಯನಗರದ ಸರ್ಕಾರಿ ಸಾರ್ವಜನಿಕ ಆಸ್ಪತ್ರೆ ಇರುವುದು ಆ ಬಡಾವಣೆಯ ಮಗ್ಗುಲಲ್ಲೇ. ಆಸ್ಪತ್ರೆ ಇದ್ದ ಕಡೆ ಔಷಧಿ ಅಂಗಡಿಗಳಿಗೆ ಬರವಿಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಎದ್ದು ಕಾಣುವುದು ಜ್ವರದ ಮಾತ್ರೆಯಲ್ಲ. ಕ್ಯಾಲ್ಸಿಯಂ, ಮಲ್ಟಿವಿಟಮಿನ್, ಮಕ್ಕಳ ಎತ್ತರ ಹೆಚ್ಚಿಸುತ್ತೇವೆಂದು ಹೇಳುವ ಪುಡಿ, ಜಗಿಯುವ ಸಿಹಿ ಗಮ್ಮಿ.

ಆ ಕಪಾಟಿನ ಮುಂದೆ ಎರಡು ಬಗೆಯ ತಾಯಂದಿರು ನಿಲ್ಲುತ್ತಾರೆ. ಒಬ್ಬಳು ಅಲ್ಲೇ ಬಾಡಿಗೆ ಮನೆಯಲ್ಲಿರುವವಳು, ಪೊಟ್ಟಣದ ಹಾಲು ಕೊಂಡವಳು. ಇನ್ನೊಬ್ಬಳು ಮಂಡಿ ನೋವು ತೋರಿಸಲು ಊರಿನಿಂದ ಬಂದವಳು, ಬೆಳಗಿನ ಹಾಲನ್ನೆಲ್ಲ ಸಂಘಕ್ಕೆ ಹಾಕಿ, ಕಾಫಿಗೆಂದು ಒಂದು ಪಾವು ಉಳಿಸಿಕೊಂಡವಳು. ಇಬ್ಬರೂ ಕೊಳ್ಳುವುದು ಅದೇ ಡಬ್ಬ. ಈ ಲೇಖನ ಮುಖ್ಯವಾಗಿ ಎರಡನೆಯವಳಿಗೆ. ಮೊದಲನೆಯವಳು ನಿಮ್ಮ ಮಗಳೋ ತಂಗಿಯೋ ಆಗಿದ್ದರೆ ಅವಳಿಗೂ ಓದಿ ಹೇಳಿ.

ಕೊಟ್ಟಿಗೆಯಲ್ಲಿ ನಮಗೆ ಈ ವಿಷಯ ಚೆನ್ನಾಗಿ ಗೊತ್ತು. ಹಾಲು ಕರೆಯುವ ಹಸುವಿಗೆ ಹಾಕುವಷ್ಟು ಖನಿಜ ಮಿಶ್ರಣವನ್ನು ಕರುವಿಗೆ ಹಾಕುವುದಿಲ್ಲ. ಕರು ಹಾಕಿದ ಹಸು ಹಾಲು ಜ್ವರ ಬಂದು ಮಲಗಿದರೆ ಹಿಂಡಿ ಹೆಚ್ಚಿಸುತ್ತ ಕೂರುವುದಿಲ್ಲ, ಡಾಕ್ಟರನ್ನು ಕರೆಸಿ ಕ್ಯಾಲ್ಸಿಯಂ ಹಾಕಿಸುತ್ತೇವೆ. ಯಾವ ಕೊರತೆ, ಯಾರಿಗೆ, ಎಷ್ಟು ಎಂದು ಕೇಳಿಯೇ ಕೊಡುತ್ತೇವೆ. ಮನೆಯೊಳಗೆ ಬಂದಾಗ ಮಾತ್ರ "ಸುಸ್ತು ಕಣಕ್ಕಾ, ಒಂದು ಶಕ್ತಿ ಮಾತ್ರೆ ಹೇಳು" ಎನ್ನುತ್ತೇವೆ. ಶಕ್ತಿ ಮಾತ್ರೆ ಎಂಬುದೊಂದು ಇಲ್ಲ. ಕಬ್ಬಿಣದ ಮಾತ್ರೆ ಇದೆ, ಕ್ಯಾಲ್ಸಿಯಂ ಮಾತ್ರೆ ಇದೆ, ಬಿ12 ಇದೆ, ಡಿ ಇದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ.

ನಲವತ್ತು ದಾಟಿದ ತಾಯಿಗೆ

ನಮ್ಮ ಹೆಣ್ಣುಮಕ್ಕಳ ಸುಸ್ತಿಗೆ ಮೊದಲ ಕಾರಣ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಮುಟ್ಟು ನಿಲ್ಲುವ ಮೊದಲಿನ ಕೆಲವು ವರ್ಷ, ಅಂದರೆ ನಲವತ್ತೈದರ ಆಸುಪಾಸಿನಲ್ಲಿ, ಕೆಲವರಿಗೆ ಸ್ರಾವ ವಿಪರೀತವಾಗುತ್ತದೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು: ದಿನಕ್ಕೆ ಐದಾರು ಬಟ್ಟೆ ಬದಲಿಸುವಷ್ಟು ಸ್ರಾವ, ಗಡ್ಡೆ ಗಡ್ಡೆ ಹೋಗುವುದು, ತಿಂಗಳಿಗೆ ಎರಡು ಬಾರಿ ಆಗುವುದು ಇದ್ದರೆ ಟಾನಿಕ್ ಕುಡಿದು ಸುಮ್ಮನಿರಬೇಡಿ. ಬಿಂದಿಗೆಯ ತೂತು ಮುಚ್ಚದೆ ನೀರು ತುಂಬಿದಂತಾಗುತ್ತದೆ. ಗರ್ಭಕೋಶದ ಪರೀಕ್ಷೆ ಮಾಡಿಸಲೇಬೇಕು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರಂತೂ ಅದೇ ವಾರ ಆಸ್ಪತ್ರೆಗೆ ಹೋಗಿ.

ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಬೆಂಗಳೂರಿನಲ್ಲಾದರೆ ವಾರ್ಡಿನ ನಮ್ಮ ಕ್ಲಿನಿಕ್‌ನಲ್ಲಿ ಆಗುತ್ತದೆ. 2018ರಲ್ಲಿ ಶುರುವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ 20ರಿಂದ 49 ವಯಸ್ಸಿನ ಹೆಂಗಸರಿಗೆ ವಾರಕ್ಕೊಂದು ಕೆಂಪು ಮಾತ್ರೆ ಉಚಿತ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಇನ್ನೂರು ಮುನ್ನೂರು ರೂಪಾಯಿ ಬಾಟಲಿಗೆ ಕೈ ಹಾಕುವ ಮೊದಲು ಆಶಾ ಕಾರ್ಯಕರ್ತೆಯನ್ನು ಇದನ್ನು ಕೇಳಿ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಕಾಫಿ-ಟೀ ಬೇಡ. ಹಾಲಿನ ಜೊತೆಯೂ ನುಂಗಬೇಡಿ, ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆಹಣ್ಣಿನ ಪಾನಕವೋ ಒಂದು ನೆಲ್ಲಿಕಾಯಿಯೋ ಜೊತೆಗಿದ್ದರೆ ಒಳ್ಳೆಯದು.

ಇನ್ನು ಕ್ಯಾಲ್ಸಿಯಂ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2020ರ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200 ಮಿಲಿಗ್ರಾಂ ಬೇಕು. ಈಗ ನಿಮ್ಮ ತಟ್ಟೆಯನ್ನೇ ನೋಡಿ. 200 ಮಿ.ಲೀ. ಲೋಟದ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ. ಒಂದು ಬಟ್ಟಲು ಮೊಸರಿನಲ್ಲಿ 180ರ ಆಸುಪಾಸು. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 350. ಇಷ್ಟಕ್ಕೇ 770 ಆಯಿತು. ಮೇಲೆ ನುಗ್ಗೆ ಸೊಪ್ಪು, ಹುರುಳಿ ಸಾರು, ಎಳ್ಳಿನ ಚಟ್ನಿ, ರಾತ್ರಿ ಒಂದು ಲೋಟ ಮಜ್ಜಿಗೆ. ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ ನಿಜ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಹೆಚ್ಚು ದಕ್ಕುತ್ತದೆ. ಈ ಊಟ ಇರುವ ಮನೆಯಲ್ಲಿ ನಲವತ್ತರ ಹೆಂಗಸಿಗೆ ಮಾತ್ರೆ ಬೇಕೇ ಬೇಕೆಂದಿಲ್ಲ. ಈ ಲೆಕ್ಕದಿಂದ ಹಾಲು-ಮೊಸರು ತೆಗೆದರೆ ಮಾತ್ರ 400ಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಅಂಗಡಿಯ ಒಂದು ಮಾತ್ರೆಯಲ್ಲಿರುವುದೂ.

ಹಾಗಾಗಿ ಒಂದು ಲೆಕ್ಕ ಹಾಕಿ ನೋಡಿ. ದಿನಕ್ಕೆ ಅರ್ಧ ಲೀಟರ್ ಮನೆಗೆ ಹೆಚ್ಚಿಗೆ ಉಳಿಸಿದರೆ ತಿಂಗಳಿಗೆ 15 ಲೀಟರ್. ನಿಮ್ಮ ಸಂಘದ ದರದಿಂದ ಗುಣಿಸಿ, ಕಳೆದ ತಿಂಗಳು ಟಾನಿಕ್ಕು, ಪುಡಿ, ಮಾತ್ರೆಗೆ ಕೊಟ್ಟ ಹಣದ ಪಕ್ಕದಲ್ಲಿಡಿ. ಬಟವಾಡೆ ಕಡಿಮೆಯಾಗುತ್ತದೆ ಎಂಬ ಚಿಂತೆ ಒಕ್ಕೂಟದ ಪತ್ರಿಕೆಯಾದ ನಮಗೆ ಅರ್ಥವಾಗದ್ದಲ್ಲ. ಆದರೂ ಹಾಲು ಹಿಂಡುವವಳ ಲೋಟ ಖಾಲಿ ಇದ್ದು ಅವಳ ಕೈಯಲ್ಲಿ ಕ್ಯಾಲ್ಸಿಯಂ ಡಬ್ಬ ಇರುವುದನ್ನು ಸರಿ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಮುಟ್ಟು ನಿಂತವರಿಗೆ, ಹಾಲು ಒಗ್ಗದವರಿಗೆ, ಮೂಳೆ ಸವೆತವೆಂದು ಡಾಕ್ಟರು ಹೇಳಿದವರಿಗೆ ಮಾತ್ರೆ ಬೇಕಾಗಬಹುದು. ಕೊಳ್ಳುವಾಗ ಪಟ್ಟಿಯ ಹಿಂದೆ ಓದಿ. "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ" ಎಂದು ದಪ್ಪ ಅಕ್ಷರದಲ್ಲಿದ್ದರೂ ಅದರಲ್ಲಿ ನಿಜವಾದ ಕ್ಯಾಲ್ಸಿಯಂ ಇರುವುದು 500 ಮಿಲಿಗ್ರಾಂ. ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ನುಂಗಿದರೆ ಮೈಗೆ ಹತ್ತುವುದೂ ಕಡಿಮೆ. ಇದನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವ ಹೊತ್ತಿಗಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಇನ್ನೂ ಎಚ್ಚರವಾಗಿರಬೇಕು: ಅದಕ್ಕೂ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗೂ ಕನಿಷ್ಠ ನಾಲ್ಕು ಗಂಟೆ ಅಂತರವಿರಲಿ. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಕೇಳದೆ ಕ್ಯಾಲ್ಸಿಯಂ ಶುರುಮಾಡಬಾರದು. ಅದೇ ಮಾತ್ರೆ ಜನೌಷಧಿ ಅಂಗಡಿಯಲ್ಲಿ ಬಹಳ ಅಗ್ಗಕ್ಕೆ ಸಿಗುತ್ತದೆ ಎಂಬುದೂ ನೆನಪಿರಲಿ.

ಬಿಸಿಲಿನ ವಿಟಮಿನ್

ವಿಟಮಿನ್ ಡಿ ಇಲ್ಲದಿದ್ದರೆ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಸುವಿನ ಹಾಲಿನಲ್ಲಿ ಇದು ತೀರಾ ಕಡಿಮೆ. ಅದಕ್ಕೇ ಕೆಲವು ಹಾಲಿನ ಪೊಟ್ಟಣಗಳಿಗೆ ಎ ಮತ್ತು ಡಿ ವಿಟಮಿನ್ ಸೇರಿಸುತ್ತಾರೆ. ಪೊಟ್ಟಣದ ಮೇಲೆ ನೀಲಿ ಬಣ್ಣದ ಪ್ಲಸ್ ಎಫ್ ಗುರುತು ಇದ್ದರೆ ಅದು ಅಂಥ ಹಾಲು. ಅದರಲ್ಲೂ ಒಂದು ಲೋಟಕ್ಕೆ ಸಿಗುವುದು ದಿನದ ಅಗತ್ಯದ ಹತ್ತನೇ ಒಂದು ಪಾಲಿಗಿಂತ ಹೆಚ್ಚಿಲ್ಲ. ನಮ್ಮ ಮನೆಯಲ್ಲಿ ಕರೆದು ಕಾಯಿಸಿದ ಹಾಲಿಗೆ ಯಾರೂ ಡಿ ಸೇರಿಸಿರುವುದಿಲ್ಲ. ಬೆಳಗಿನ, ಸಂಜೆಯ ಹಾಲು ಕರೆಯುವ ಹೊತ್ತಿನ ಎಳೆಬಿಸಿಲು ಇದಕ್ಕೆ ಸಾಲದು. ಹತ್ತೂವರೆಯಿಂದ ಮೂರರೊಳಗೆ ಮೇವು ಕೊಯ್ಯುವಾಗ ಕೈ, ಮುಖದ ಮೇಲೆ ಬೀಳುವ ಬಿಸಿಲು ಕೆಲಸ ಮಾಡುತ್ತದೆ. ಹೊಲಕ್ಕೆ ಹೋಗುವವರಿಗೆ ಅಷ್ಟು ಸಿಗುತ್ತದೆ. ತಿಲಕ್ ನಗರದ ಇಕ್ಕಟ್ಟಾದ ಅಡ್ಡರಸ್ತೆಗಳ ಮನೆಗಳಲ್ಲಿ, ಮನೆಯೊಳಗೇ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸಿಗೆ ಸಿಗುವುದು ಕಷ್ಟ. ಮೈ ಮೂಳೆಯೆಲ್ಲ ನೋವು ಎಂದು ಆಕೆ ಹೇಳಿದರೆ ಡಿ ಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿದೆ.

ಕೊರತೆ ಕಂಡರೆ ಡಾಕ್ಟರು ಬರೆಯುವುದು ಸಾಮಾನ್ಯವಾಗಿ 60,000 ಯೂನಿಟ್‌ನ ಪುಡಿ ಪೊಟ್ಟಣ ಅಥವಾ ಮಾತ್ರೆ, ವಾರಕ್ಕೆ ಒಂದೇ ಒಂದು, ಕೆಲವು ವಾರ ಮಾತ್ರ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್. ಆ ಒಂದು ಪೊಟ್ಟಣದಲ್ಲಿ ನೂರು ದಿನದ್ದು ಇದೆ. ದಿನಕ್ಕೊಂದು ಎಂದು ತಿಳಿದು ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಬರುತ್ತದೆ, ಮೂತ್ರಪಿಂಡಕ್ಕೂ ಹಾನಿ. ಅಮ್ಮನಿಗೆ ಬರೆದದ್ದನ್ನು ಮಗುವಿಗೆ ಹಂಚುವುದಂತೂ ಬೇಡವೇ ಬೇಡ. ಪೊಟ್ಟಣದ ಮೇಲೆ "ಭಾನುವಾರ" ಎಂದು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.

ಯಜಮಾನರ ಕಾಲು ಜೋಮು

ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಗ್ಯಾಸ್ಟ್ರಿಕ್ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು. ಕಾಲು ಜೋಮು, ಉರಿ, ಮರೆವು ಇದ್ದರೆ "ಸಕ್ಕರೆಯದ್ದೇ ಇರಬೇಕು" ಎಂದು ಬಿಟ್ಟುಬಿಡದೆ ಡಾಕ್ಟರಿಗೆ ಹೇಳಿ ಪರೀಕ್ಷೆ ಮಾಡಿಸಿ. ಬಿ12 ಸೊಪ್ಪು ಕಾಳುಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ಮಾಂಸ ಮೊಟ್ಟೆ ತಿನ್ನದ ಮನೆಯಲ್ಲಿ ಹಾಲು-ಮೊಸರೇ ಇದಕ್ಕೆ ಆಧಾರ. ಕೊರತೆ ಬಂದ ಮೇಲೆ ಹಾಲೊಂದೇ ಸಾಲದು, ಮಾತ್ರೆ ಅಥವಾ ಚುಚ್ಚುಮದ್ದು ಬೇಕಾಗುತ್ತದೆ.

ಮಕ್ಕಳಿಗೆ ಈಗಾಗಲೇ ಸಿಗುತ್ತಿರುವುದೇನು?

ಮಕ್ಕಳ ಡಬ್ಬ ಕೊಳ್ಳುವ ಮೊದಲು ಇದನ್ನು ಲೆಕ್ಕ ಹಾಕಿ. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ದ್ರಾವಣ ಕೊಡುತ್ತಾರೆ. ಅದು ದೊಡ್ಡ ಪ್ರಮಾಣದ್ದು, ಅದರ ಮೇಲೆ ಇನ್ನೊಂದು ಎ ವಿಟಮಿನ್ ಬಾಟಲಿ ಬೇಡ. ಐದು ವರ್ಷದೊಳಗಿನವರಿಗೆ ಕಬ್ಬಿಣದ ಸಿರಪ್, 5ರಿಂದ 9 ವರ್ಷದವರಿಗೆ ವಾರಕ್ಕೊಂದು ಗುಲಾಬಿ ಮಾತ್ರೆ, 10ರಿಂದ 19ರವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಜೊತೆಗೆ ವರ್ಷಕ್ಕೆರಡು ಬಾರಿ ಜಂತುಹುಳು ಮಾತ್ರೆ. ಸರ್ಕಾರಿ ಶಾಲೆಯಲ್ಲಿ 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದ 150 ಮಿ.ಲೀ. ಹಾಲು ಈಗ ವಾರಕ್ಕೆ ಐದು ದಿನ. 2024ರಿಂದ ರಾಗಿ ಮಾಲ್ಟ್, ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ಬೇಡವೆಂದರೆ ಬಾಳೆಹಣ್ಣು. ನೀವು ಸಂಘಕ್ಕೆ ಹಾಕಿದ ಹಾಲೇ ಪುಡಿಯಾಗಿ ಆ ಲೋಟಕ್ಕೆ ಬರುತ್ತಿದೆ.

ಇಷ್ಟನ್ನೂ ತೆಗೆದುಕೊಳ್ಳುವ, ಮನೆಯಲ್ಲಿ ಎರಡು ಹೊತ್ತು ಉಣ್ಣುವ ಮಗುವಿಗೆ ಮಲ್ಟಿವಿಟಮಿನ್ ಸಾಮಾನ್ಯವಾಗಿ ಬೇಕಿಲ್ಲ. ವ್ಯಾನಿನಲ್ಲಿ ಪಟ್ಟಣದ ಖಾಸಗಿ ಶಾಲೆಗೆ ಹೋಗುವ ಮಗುವಿಗೆ ಈ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಡಬ್ಬಿಯಲ್ಲಿ ಬಿಸ್ಕತ್ತು ಇರುತ್ತದೆ. ಫೀಸು ಕಟ್ಟುವಾಗ ಇದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಆ ಮಗುವಿಗೆ ಮನೆಯಲ್ಲಿ ಎರಡು ಲೋಟ ಹಾಲು, ಒಂದು ಮೊಟ್ಟೆ ಅಥವಾ ಕಾಳು ಖಾತರಿ ಮಾಡಿ.

ಎತ್ತರ ಬೆಳೆಸುವ ಪುಡಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಾಲಿಗೆ ಬೆರೆಸಿ ಕೊಡಿ ಎಂದು ಡಬ್ಬವೇ ಹೇಳುತ್ತದೆ. ಕೆಲಸದ ಬಹುಪಾಲು ಮಾಡುವುದು ಆ ಹಾಲು. ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಎಷ್ಟು ಮೇಲಿದೆ ನೋಡಿ. ಕಾನೂನಿನಲ್ಲಿ "ಹೆಲ್ತ್ ಡ್ರಿಂಕ್" ಎಂಬ ವರ್ಗವೇ ಇಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ತಿಳಿಸಿತ್ತು.

ಹಾಲಿನ ವಿಷಯದಲ್ಲೂ ಒಂದು ಮಿತಿ ಹೇಳಬೇಕು. ಒಂದು ವರ್ಷ ತುಂಬುವವರೆಗೆ ಎದೆಹಾಲಿನ ಬದಲಿಗೆ ಹಸುವಿನ ಹಾಲು ಕುಡಿಸಬೇಡಿ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಮೀರಬಾರದು. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಹಾಲಿನಿಂದಲೇ ಹೊಟ್ಟೆ ತುಂಬಿಸಿಕೊಂಡ ಮಗು ಅನ್ನ, ಸೊಪ್ಪು, ಕಾಳು ಬಿಟ್ಟು ಬಿಳಿಚಿಕೊಳ್ಳುತ್ತದೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಕಂಡಿತ್ತು. ಕಾಲು ಬಿಲ್ಲಿನಂತೆ ಬಾಗಿದ, ಒಂದೂವರೆ ವರ್ಷವಾದರೂ ನಡೆಯದ ಮಗುವನ್ನು ಸಿರಪ್ಪಿನಿಂದ ನೋಡಿಕೊಳ್ಳಲು ಹೋಗದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಕಡೆಯದಾಗಿ ಮಾತ್ರೆ ಇಡುವ ಜಾಗ. ದೊಡ್ಡವರ ಕಬ್ಬಿಣದ ಮಾತ್ರೆ ಕೆಂಪಗೆ, ನುಣ್ಣಗೆ, ಪೆಪ್ಪರ್‌ಮಿಂಟಿನ ಹಾಗೆ ಕಾಣುತ್ತದೆ. ಚಿಕ್ಕ ಮಗು ಹತ್ತಾರು ನುಂಗಿದರೆ ಪ್ರಾಣಕ್ಕೇ ಅಪಾಯ. ದೇವರ ಗೂಡು, ಟಿವಿ ಮೇಜು, ದಿಂಬಿನ ಕೆಳಗೆ ಬೇಡ; ಎತ್ತರದ ಬೀರುವಿನಲ್ಲಿ ಬೀಗ ಹಾಕಿಡಿ. ಹಸುವಿನ ಕ್ಯಾಲ್ಸಿಯಂ ಬಾಟಲಿ, ಜಂತುಹುಳು ಔಷಧಿಯನ್ನು ಮನೆಯವರ ಔಷಧಿಯ ಜೊತೆ ಇಡಬೇಡಿ. ಮಗು ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸುತ್ತ ಕಾಯಬೇಡಿ. 108ಕ್ಕೆ ಕರೆ ಮಾಡಿ, ಖಾಲಿಯಾದ ಮಾತ್ರೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋಗಿ. ಎಷ್ಟು ನುಂಗಿದೆ ಎಂದು ಡಾಕ್ಟರು ಮೊದಲು ಕೇಳುವುದು ಅದನ್ನೇ ನೋಡಿ.