ದೂರದ ಲ್ಯಾಬಿನಿಂದ ಫೋಟೊ ಪ್ರಿಂಟ್

ಅಂಚೆ ಅಥವಾ ಕೊರಿಯರ್‌ನಲ್ಲಿ ಫೋಟೊ ಪ್ರಿಂಟ್ ಕಳಿಸುವ ಲ್ಯಾಬುಗಳು ಚಿತ್ರ ಮೂಡಿಸುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಬೆಳ್ಳಿಯ ಲವಣವಿರುವ ಕಾಗದದ ಮೇಲೆ ಲೇಸರ್ ಅಥವಾ ಎಲ್‌ಇಡಿ ಬೆಳಕು ಹಾಯಿಸಿ, ಅದನ್ನು ರಾಸಾಯನಿಕ ದ್ರಾವಣಗಳಲ್ಲಿ ಸಂಸ್ಕರಿಸುವುದು ಒಂದು. ಕಾಗದಕ್ಕೆ ನೇರವಾಗಿ ಶಾಯಿ ಸಿಂಪಡಿಸುವ ಇಂಕ್‌ಜೆಟ್ ಇನ್ನೊಂದು. ವಿಶಾಖಪಟ್ಟಣದವರು ಸುಮಾರು 350 ಕಿ.ಮೀ. ದೂರದ ವಿಜಯವಾಡಕ್ಕೋ ಬೆಂಗಳೂರಿಗೋ ಫೈಲ್ ಕಳಿಸಿದರೆ, ಕೌಂಟರಿನ ಮುಂದೆ ನಿಂತು ‘ಮುಖ ಕೆಂಪಾಗಿದೆ, ಇನ್ನೊಂದು ತೆಗೆಯಿರಿ’ ಎನ್ನಲು ಬರುವುದಿಲ್ಲ. ಹಾಗಾಗಿ ಯಂತ್ರದ ಹೆಸರು, ದರಪಟ್ಟಿಗಳಿಗಿಂತ ದೊಡ್ಡ ಪ್ರಶ್ನೆಯೆಂದರೆ, ಇವತ್ತು ಕೊಟ್ಟಂಥ ಪ್ರಿಂಟನ್ನೇ ಆ ಲ್ಯಾಬ್ ಮುಂದಿನ ತಿಂಗಳೂ ಕೊಡಬಲ್ಲದೇ ಎಂಬುದು.

ಬೆಳ್ಳಿ ಕಾಗದದಲ್ಲಿ ಇದು ಸುಲಭವಲ್ಲ. ಅದರ ಜೆಲಟಿನ್ ಪದರಗಳಲ್ಲಿ ಬೆಳ್ಳಿ ಲವಣದ ಹರಳುಗಳ ಜೊತೆಗೆ ಬಣ್ಣ ಹುಟ್ಟಿಸುವ ಸಂಯುಕ್ತಗಳೂ ಇರುತ್ತವೆ. ಸುಮಾರು 35ರಿಂದ 38 ಡಿಗ್ರಿ ಸೆಲ್ಸಿಯಸ್‌ನ ಡೆವಲಪರ್‌ನಲ್ಲಿ ಮುಕ್ಕಾಲು ನಿಮಿಷ ಮುಳುಗಿದಾಗ ಹಳದಿ, ಮೆಜೆಂಟಾ, ಸಯಾನ್ ಬಣ್ಣಗಳು ಮೂಡುತ್ತವೆ. ಮುಂದಿನ ದ್ರಾವಣ ಬೆಳ್ಳಿಯನ್ನೆಲ್ಲ ಕರಗಿಸಿ ತೆಗೆಯುತ್ತದೆ. ಅಲ್ಪಸ್ವಲ್ಪ ಉಳಿದರೂ ಬಣ್ಣ ಮಂಕಾಗುತ್ತದೆ. ಡೆವಲಪರ್ ಗಾಳಿ ತಾಗಿ ಕೆಡುವಂಥದ್ದು. ಯಂತ್ರದಲ್ಲಿ ಎಷ್ಟು ಕಾಗದ ಹಾದುಹೋಗುತ್ತದೋ ಅದಕ್ಕೆ ತಕ್ಕಷ್ಟೇ ಹೊಸ ದ್ರಾವಣ ತೊಟ್ಟಿಗೆ ಸೇರುವುದರಿಂದ, ಕೆಲಸ ಜಾಸ್ತಿ ಇರುವ ಲ್ಯಾಬಿನ ತೊಟ್ಟಿ ತಾಜಾ ಇರುತ್ತದೆ. ಮದುವೆ ಆಲ್ಬಂಗಳನ್ನೇ ನೆಚ್ಚಿದ ಲ್ಯಾಬಿಗೆ ನಿಜವಾದ ಪರೀಕ್ಷೆ ಆಷಾಢದಲ್ಲಿ. ವಿಜಯವಾಡದ ಮೇ ತಿಂಗಳೂ ಸಣ್ಣ ಸವಾಲಲ್ಲ: ಹೊರಗೆ 42 ಡಿಗ್ರಿ ಇರುವಾಗ 38 ಎಂದರೆ ತಂಪು. ದ್ರಾವಣ ಹೆಚ್ಚು ಬಿಸಿಯಾದರೆ ಪ್ರಿಂಟ್ ಗಾಢವಾಗಿ ಬಣ್ಣದ ಸಮತೋಲ ತಪ್ಪುತ್ತದೆ. ಇದನ್ನು ಹಿಡಿಯಲೆಂದೇ ಕಂಟ್ರೋಲ್ ಸ್ಟ್ರಿಪ್ ಎಂಬ, ಮೊದಲೇ ನಿಗದಿತ ಬೆಳಕು ತೋರಿಸಿಟ್ಟ ಪಟ್ಟಿಯನ್ನು ಯಂತ್ರದಲ್ಲಿ ಓಡಿಸಿ ಡೆನ್ಸಿಟೊಮೀಟರ್‌ನಿಂದ ಅಳೆಯುತ್ತಾರೆ. ಅದನ್ನು ದಿನಾ ಮಾಡುತ್ತೀರಾ ಎಂದು ಫೋನಿನಲ್ಲಿ ಕೇಳಿದಾಗ ಬರುವ ಉತ್ತರದಿಂದಲೇ ಲ್ಯಾಬಿನ ಬಗ್ಗೆ ಬಹಳಷ್ಟು ತಿಳಿಯುತ್ತದೆ. ಇಂಕ್‌ಜೆಟ್‌ಗೆ ಈ ರಗಳೆ ಇಲ್ಲ. ಆದರೆ ನಳಿಕೆ ಕಟ್ಟಿಕೊಂಡರೆ ಚಿತ್ರದುದ್ದಕ್ಕೂ ತೆಳು ಗೆರೆ ಬೀಳುತ್ತದೆ.

ಪರೀಕ್ಷೆಗೆ ಒಂದೇ ಫೈಲನ್ನು ಎರಡು ಮೂರು ಲ್ಯಾಬುಗಳಿಗೆ ಕಳಿಸಿದರೆ ಸಾಕು. ಅದರಲ್ಲಿ ಪರಿಚಿತ ಮುಖವೊಂದು, ಕಡುಗೆಂಪು ಸೀರೆ, ಕಪ್ಪಿನಿಂದ ಬಿಳಿಯವರೆಗಿನ ಬೂದು ಮೆಟ್ಟಿಲುಗಳು ಇರಬೇಕು. ‘ಕಲರ್ ಕರೆಕ್ಷನ್ ಬೇಡ’ ಎಂದು ಬರೆಯುವುದನ್ನು ಮರೆಯಬಾರದು. ಬೂದು ಪಟ್ಟಿಗೆ ಹಸಿರೋ ಕೆಂಪೋ ಛಾಯೆ ಸ್ವಲ್ಪ ಹತ್ತಿದರೂ ಕಣ್ಣು ಹಿಡಿಯುತ್ತದೆ. ಮುಖದಲ್ಲಿ ಅದೇ ದೋಷ ‘ಬೆಳಕೇ ಹಾಗಿತ್ತೇನೋ’ ಎಂದು ಪಾರಾಗಿಬಿಡುತ್ತದೆ. ನೋಡುವುದು ಹಗಲು ಬೆಳಕಿನಲ್ಲಿ, ಟ್ಯೂಬ್‌ಲೈಟಿನಡಿ ಅಲ್ಲ. ತಿಂಗಳು ಬಿಟ್ಟು ಅದೇ ಫೈಲ್ ಮತ್ತೆ ಕಳಿಸಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಸ್ಥಿರತೆ ಗೊತ್ತಾಗುತ್ತದೆ. ತಪ್ಪೆಲ್ಲ ಲ್ಯಾಬಿನದೇ ಎನ್ನುವಂತೆಯೂ ಇಲ್ಲ: ಬಹುತೇಕ ಲ್ಯಾಬುಗಳು ಎಸ್‌ಆರ್‌ಜಿಬಿ ಎಂಬ ಬಣ್ಣವ್ಯಾಪ್ತಿಯ ಫೈಲನ್ನೇ ನಿರೀಕ್ಷಿಸುತ್ತವೆ. ಅಡೋಬಿ ಆರ್‌ಜಿಬಿ ಫೈಲನ್ನು ಅದೇ ಎಂದು ಓದಿದರೆ ಬಣ್ಣ ಕಳೆಗುಂದುತ್ತದೆ. ತೀರಾ ಪ್ರಖರ ಪರದೆಯಲ್ಲಿ ತಿದ್ದಿದ ಚಿತ್ರ ಕಾಗದದಲ್ಲಿ ಕಪ್ಪಾಗಿ ಬರುತ್ತದೆ.

ಅಳತೆಯ ಲೆಕ್ಕ ಸರಳ. ಇಂಚಿಗೆ 300 ಬಿಂದುವಿನಂತೆ 4×6 ಇಂಚಿಗೆ 1200×1800 ಪಿಕ್ಸೆಲ್ ಸಾಕು, 12×18ಕ್ಕೆ 3600×5400 ಬೇಕು. ಮೊಬೈಲ್ ಚಿತ್ರದ ಅನುಪಾತ ಸಾಮಾನ್ಯವಾಗಿ 4:3 ಆದ್ದರಿಂದ 4×6ರಲ್ಲಿ ಅದರ ಒಂಬತ್ತನೇ ಒಂದು ಭಾಗ ಕತ್ತರಿಸಿ ಹೋಗುತ್ತದೆ, ಕೆಲವೊಮ್ಮೆ ಅಂಚಿನಲ್ಲಿ ನಿಂತವರ ತಲೆಯೂ.

ಕರಾವಳಿಯ ಊರಿನಲ್ಲಿ ತೇವವೇ ಪ್ರಿಂಟಿನ ಮೊದಲ ಶತ್ರು. ಜೆಲಟಿನ್ ತೇವ ಹೀರಿ ಮೆತ್ತಗಾಗಿ ಫ್ರೇಮಿನ ಗಾಜಿಗೆ ಅಂಟಿಕೊಳ್ಳುತ್ತದೆ, ಬೂಷ್ಟು ಅದನ್ನೇ ತಿಂದು ಬೆಳೆಯುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಲಕೋಟೆಯಲ್ಲಿ ಮುಚ್ಚಿ, ಎರಡು ಗಟ್ಟಿ ರಟ್ಟುಗಳ ನಡುವೆ ಇಟ್ಟು ಕಳಿಸುವ ಲ್ಯಾಬಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತ, 2024ರ ಸೆಪ್ಟೆಂಬರ್‌ನಲ್ಲಿ ವಿಜಯವಾಡದ ಬಡಾವಣೆಗಳಿಗೆ ನುಗ್ಗಿದ ಬುಡಮೇರು ತೊರೆಯ ನೆರೆಯಂಥ ಹೊತ್ತಿನಲ್ಲಿ ಪ್ರಿಂಟಿನ ಬಗೆಯೂ ಮುಖ್ಯವಾಗುತ್ತದೆ. ನೆನೆದ ಬೆಳ್ಳಿ ಕಾಗದದ ಪ್ರಿಂಟ್‌ಗಳನ್ನು ಒಂದಕ್ಕೊಂದು ಅಂಟುವ ಮೊದಲೇ ಬಿಡಿಸಿ, ಶುದ್ಧ ತಣ್ಣೀರಿನಲ್ಲಿ ಮೆಲ್ಲಗೆ ತೊಳೆದು, ಚಿತ್ರ ಮೇಲಾಗಿ ಒಣಗಿಸಿದರೆ ಹಲವು ಉಳಿಯುತ್ತವೆ. ಡೈ ಶಾಯಿಯ ಇಂಕ್‌ಜೆಟ್ ಪ್ರಿಂಟ್‌ಗಳಲ್ಲಿ ಬಣ್ಣ ನೀರಿಗೆ ಹರಡಿಹೋಗುತ್ತದೆ, ಪಿಗ್ಮೆಂಟ್ ಶಾಯಿ ಹೆಚ್ಚು ತಾಳುತ್ತದೆ. ಲ್ಯಾಬ್ ಬಳಸುವುದು ಯಾವುದೆಂದು ಆರ್ಡರ್‌ಗೆ ಮುಂಚೆಯೇ ಕೇಳಿಕೊಳ್ಳಬಹುದು.