ಐದು ತರಗತಿ, ಇಬ್ಬರು ಮೇಷ್ಟ್ರು, ನಾಲ್ಕು ಸಾವಿರ ಗಂಟೆ

ಪಾಠಕ್ಕೆ ಹೊತ್ತು ಸಾಲದು ಎಂಬುದು ಮೇಷ್ಟ್ರುಗಳ ಹಳೆಯ ದೂರು. ಅದಕ್ಕೊಂದು ಗಟ್ಟಿ ಉತ್ತರವನ್ನು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು 1995ರಲ್ಲೇ ಹುಡುಕಿಕೊಂಡಿದ್ದರು. ಆ ಉತ್ತರ ಇರುವುದು ಡೈರಿಯಲ್ಲಲ್ಲ, ತರಗತಿಯ ಕೋಣೆಯಲ್ಲಿ.

ಮೊದಲು ಒಂದು ಸಣ್ಣ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ–2009ರ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಅದೇ ಅನುಸೂಚಿ 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಶಿಕ್ಷಕರು ಸಾಕು ಎನ್ನುತ್ತದೆ. ಐದು ತರಗತಿಗೆ ತಲಾ 800 ಎಂದರೆ ಒಟ್ಟು 4,000 ಗಂಟೆ. ಇಬ್ಬರೂ ಒಂದೇ ಒಂದು ದಿನ ರಜೆ ಹಾಕದೆ, ಒಂದೇ ಒಂದು ಸಭೆಗೆ ಹೋಗದೆ ಪಾಠ ಮಾಡಿದರೂ ಕೂಡುವುದು 1,600. ಉಳಿದ 2,400 ಗಂಟೆ ಎಲ್ಲಿಂದ ಬರಬೇಕು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳ್ಳಿ, ಆದಿವಾಸಿ ಹಾಡಿಗಳ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕ್ಷೀರಭಾಗ್ಯದ ಹಾಲು ಕಾದಿರಬೇಕು. ಬಿಸಿಯೂಟಕ್ಕೆ ಎಷ್ಟು ತಲೆ, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂಬ ಲೆಕ್ಕ ಅಡುಗೆಯವರಿಗೆ ಮುಟ್ಟಬೇಕು. ಹಾಜರಾತಿ ಪುಸ್ತಕಕ್ಕೂ ಏರಬೇಕು, ಆನ್‌ಲೈನಿಗೂ ಏರಬೇಕು. ಅಷ್ಟರೊಳಗೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಸಂದೇಶ ಬಂದಿರುತ್ತದೆ: ‘ಮಾಹಿತಿಯನ್ನು ಹನ್ನೆರಡು ಗಂಟೆಯೊಳಗೆ ಕಳುಹಿಸುವುದು.’ ಮುಖ್ಯ ಶಿಕ್ಷಕರೂ ಅವರೇ, ಗುಮಾಸ್ತರೂ ಅವರೇ, ನಾಲ್ಕನೇ ತರಗತಿಯ ಗಣಿತದ ಮೇಷ್ಟ್ರೂ ಅವರೇ.

ಇಂಥವರಿಗೆ ‘ಬೆಳಗಿನ ಜಾವ ಐದಕ್ಕೆ ಏಳಿ, ಕೆಲಸಗಳ ಪಟ್ಟಿ ಮಾಡಿ, ಮುಖ್ಯವಾದದ್ದನ್ನು ಮೊದಲು ಮುಗಿಸಿ’ ಎಂಬ ಉಪದೇಶದಿಂದ ಉಪಯೋಗ ಕಡಿಮೆ. ಅದು ತನ್ನ ಹೊತ್ತು ತನ್ನ ಕೈಯಲ್ಲೇ ಇರುವವರಿಗೆ ಹೇಳಿದ ಮಾತು. ಮೇಷ್ಟ್ರ ಹೊತ್ತು ಗಂಟೆಯ ಕೈಯಲ್ಲಿದೆ, ಮಕ್ಕಳ ಕೈಯಲ್ಲಿದೆ, ಇಲಾಖೆಯ ಕೈಯಲ್ಲಿದೆ. ಹಾಗಾಗಿ ಅವರಿಗೆ ಬೇಕಾದದ್ದು ತಾವು ಇನ್ನೂ ಜೋರಾಗಿ ಓಡುವ ಉಪಾಯವಲ್ಲ. ತಾವು ಪಕ್ಕದಲ್ಲಿಲ್ಲದಾಗಲೂ ಕಲಿಕೆ ನಡೆಯುವಂಥ ಏರ್ಪಾಡು.

ಕೋಟೆಯಲ್ಲಿ ಹುಟ್ಟಿದ ಏಣಿ

1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರ ತಂಡವೊಂದು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿತ್ತು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನಿಭಾಯಿಸುತ್ತಿದ್ದರು. ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಏಣಿಯ ಮೆಟ್ಟಿಲುಗಳಂತೆ ಜೋಡಿಸಿಟ್ಟಿದ್ದರು. ನೋಡಿ ಬಂದವರು ಯುನಿಸೆಫ್ ನೆರವಿನೊಂದಿಗೆ ಕನ್ನಡದಲ್ಲಿ ತಮ್ಮದೇ ಕಾರ್ಡುಗಳನ್ನು ಬರೆದರು, ತಮ್ಮ ಶಾಲೆಗಳಲ್ಲೇ ಪ್ರಯೋಗ ಮಾಡಿದರು. ಅದೇ ‘ನಲಿ–ಕಲಿ’. 2009–10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು, ಆಮೇಲೆ ಮೂರನೇ ತರಗತಿಗೂ ವಿಸ್ತರಿಸಿತು.

ನಲಿ–ಕಲಿಯನ್ನು ಎಲ್ಲರೂ ಹಾಡು, ಆಟ, ಬಣ್ಣದ ಕೋಣೆ ಎಂದು ಹೊಗಳುತ್ತಾರೆ. ಅದರ ಬೆನ್ನೆಲುಬು ಇರುವುದು ಸಮಯದ ಹಂಚಿಕೆಯಲ್ಲಿ. ಒಂದು ಕೋಣೆಯೊಳಗೆ ಇಣುಕಿ ನೋಡಿ. ಹುಡುಗಿ ಬಂದವಳೇ ಹಾಜರಿ ಚಾರ್ಟಿನಲ್ಲಿ ತನ್ನ ಗುರುತು ಹಾಕುತ್ತಾಳೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ನಿನ್ನೆ ತಾನು ಯಾವ ಮೆಟ್ಟಿಲಲ್ಲಿ ನಿಂತಿದ್ದೆ ಎಂದು ಹುಡುಕುತ್ತಾಳೆ. ಮುಂದಿನ ಮೆಟ್ಟಿಲಿನ ಚಿತ್ರ, ಸಂಖ್ಯೆ ನೋಡಿಕೊಂಡು ಅದೇ ಗುರುತಿನ ಟ್ರೇಯಿಂದ ಕಾರ್ಡು ತೆಗೆಯುತ್ತಾಳೆ. ಯಾವ ಗುಂಪಿನ ತಟ್ಟೆಯ ಮುಂದೆ ಕೂರಬೇಕೆಂದು ಆ ಮೆಟ್ಟಿಲೇ ಹೇಳುತ್ತದೆ. ಹೊಸ ಪಾಠದವರು ಮೇಷ್ಟ್ರ ಬಳಿಗೆ, ಅಭ್ಯಾಸ ಮಾಡುವವರು ಗೆಳೆಯರ ಜೊತೆಗೆ, ಪಳಗಿದವರು ತಾವೇ ತಾವಾಗಿ. ಮೇಷ್ಟ್ರು ನೆಲದ ಮೇಲೆ ಕೂತು ಮೊದಲ ಗುಂಪಿನ ನಾಲ್ಕೈದು ಮಕ್ಕಳಿಗೆ ಪೂರ್ತಿ ಗಮನ ಕೊಡುತ್ತಾರೆ. ಉಳಿದವರು ಮಕ್ಕಳ ಎತ್ತರಕ್ಕೇ ಬಳಿದ ಕಪ್ಪು ಹಲಗೆಯಲ್ಲಿ ತಮ್ಮ ತಮ್ಮ ಜಾಗದಲ್ಲಿ ಬರೆಯುತ್ತಿರುತ್ತಾರೆ.

ಆ 2,400 ಗಂಟೆಯ ಬಹುಪಾಲು ಬರುವುದು ಇಲ್ಲಿಂದಲೇ. ಇದರ ಇನ್ನೊಂದು ಲಾಭ ಗೈರುಹಾಜರಿಯ ದಿನ ಗೊತ್ತಾಗುತ್ತದೆ. ಕಾಫಿ ಕೊಯ್ಲಿನ ಸಮಯದಲ್ಲಿ ಹಾಡಿಗಳ ಕುಟುಂಬಗಳು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೋಗುವುದುಂಟು. ಮಾಮೂಲಿ ತರಗತಿಯಲ್ಲಿ ಹದಿನೈದು ದಿನ ಬಿಟ್ಟು ಬಂದ ಮಗುವಿಗೆ ಮೂರು ಪಾಠ ತಪ್ಪಿಹೋಗಿರುತ್ತವೆ. ಏಣಿಯಲ್ಲಾದರೆ ಅದು ಬಿಟ್ಟ ಮೆಟ್ಟಿಲು ಹಾಗೇ ಕಾಯುತ್ತಿರುತ್ತದೆ. ಒಂದು ಮಗುವಿಗಾಗಿ ಇಡೀ ತರಗತಿಯನ್ನು ಹಿಂದಕ್ಕೆ ಎಳೆಯುವ ಕಷ್ಟ ಮೇಷ್ಟ್ರಿಗಿಲ್ಲ.

ಮಕ್ಕಳು ಮಕ್ಕಳಿಂದ ಕಲಿಯುವ ಈ ಕ್ರಮ ಹೊಸದಲ್ಲ. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವುದು ನಮ್ಮ ಕಡೆಯ ಕೂಲಿಮಠಗಳ ಕಾಲದಿಂದಲೂ ಇದ್ದದ್ದೇ. 1790ರ ದಶಕದಲ್ಲಿ ಮದರಾಸಿನ ಅನಾಥಾಲಯದ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದಕ್ಷಿಣ ಭಾರತದ ಜಗಲಿ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬರೆದು ಕಲಿಯುವುದನ್ನು ಕಂಡು ತಮ್ಮ ಶಾಲೆಗೂ ತಂದರು. ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ತಮ್ಮ ಪದ್ಧತಿಯ ಬಗ್ಗೆ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಅಚ್ಚು ಹಾಕಿಸಿದರು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳು ಬಹುಕಾಲ ನಡೆದದ್ದು ಆ ಪದ್ಧತಿಯ ಮೇಲೆಯೇ.

ಹಾಗೆಂದು ನಲಿ–ಕಲಿಗೆ ಕುಂದಿಲ್ಲವೆಂದಲ್ಲ. ಕಾರ್ಡು ಹರಿದರೆ, ಕಳೆದರೆ ಏಣಿಯ ಮೆಟ್ಟಿಲೇ ಮುರಿದಂತೆ. ದಾಖಲೆ ತುಂಬುವುದೇ ಮುಖ್ಯವಾದರೆ ಉಳಿಸಿದ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಆದರೆ ಅದರ ತಿರುಳು ನಾಲ್ಕನೇ ತರಗತಿಗೂ ಸಲ್ಲುತ್ತದೆ, ಹೈಸ್ಕೂಲಿಗೂ ಸಲ್ಲುತ್ತದೆ: ಮಕ್ಕಳು ಮಾಡಬಲ್ಲ ಕೆಲಸವನ್ನು ಮೇಷ್ಟ್ರು ಮಾಡಬಾರದು.

ಸೋರಿಹೋಗುವ ಐದು ನಿಮಿಷ

ಆರರಿಂದ ಎಂಟನೇ ತರಗತಿಗೆ ಕಾಯ್ದೆ ಕೇಳುವುದು ವರ್ಷಕ್ಕೆ 220 ದಿನ, 1,000 ಗಂಟೆ. ದಿನಕ್ಕೆ ಏಳು ಪೀರಿಯಡ್ ಎಂದುಕೊಳ್ಳಿ. ಪ್ರತಿ ಪೀರಿಯಡ್‌ನಲ್ಲಿ ‘ಎಲ್ಲಿಗೆ ನಿಲ್ಲಿಸಿದ್ದೆವು?’, ‘ಪುಸ್ತಕ ತೆಗೀರಿ’, ‘ಯಾರು ಬಂದಿಲ್ಲ?’ ಎನ್ನುವುದರಲ್ಲಿ ಐದು ನಿಮಿಷ ಹೋದರೆ ದಿನಕ್ಕೆ 35 ನಿಮಿಷ, ವರ್ಷಕ್ಕೆ ಸುಮಾರು 128 ಗಂಟೆ. ಸಾವಿರದಲ್ಲಿ ಎಂಟನೇ ಒಂದು ಪಾಲಿಗಿಂತ ಹೆಚ್ಚು!

ಇದು ನಮ್ಮೂರಿನ ರೋಗ ಮಾತ್ರವಲ್ಲ. ಹಲವು ದೇಶಗಳ ಶಿಕ್ಷಕರನ್ನು ಮಾತಾಡಿಸಿ ಒಇಸಿಡಿ ಸಂಸ್ಥೆ 2018ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ತರಗತಿಯ ಸಮಯದಲ್ಲಿ ನಿಜವಾದ ಕಲಿಕೆಗೆ ಸಲ್ಲುವುದು ಸರಾಸರಿ ಶೇ 78 ಎಂದು ತಿಳಿದುಬಂತು. ಉಳಿದದ್ದು ಶಿಸ್ತಿಗೆ, ಹಾಜರಿಗೆ, ಕಾಗದಪತ್ರಕ್ಕೆ.

ಈ ಸೋರಿಕೆಗೆ ಮದ್ದು ಸರಳ. ಮೇಷ್ಟ್ರು ಒಳಗೆ ಬರುವ ಮೊದಲೇ ಹಲಗೆಯ ಮೂಲೆಯಲ್ಲಿ ಎರಡು ಲೆಕ್ಕ ಅಥವಾ ಐದು ಪದ ಇರಲಿ. ಬಂದು ಕೂತ ಮಗು ಅದನ್ನು ಮಾಡತೊಡಗಲಿ. ಬರೆಯುವ ಸರದಿ ಮಕ್ಕಳದೇ ಆಗಲಿ. ಪುಸ್ತಕ ಹಂಚುವುದು, ಹಲಗೆ ಒರೆಸುವುದು, ಕಾರ್ಡು ಟ್ರೇಗೆ ಸೇರಿಸುವುದಕ್ಕೆ ವಾರಕ್ಕೊಂದು ಗುಂಪು ಇರಲಿ. ಜೂನ್ ತಿಂಗಳ ಮೊದಲ ಎರಡು ವಾರ ಇದನ್ನೇ ರೂಢಿ ಮಾಡಿಸಿದರೆ ಪಾಠ ಹಿಂದೆ ಬಿತ್ತು ಎಂದು ಚಿಂತಿಸಬೇಕಿಲ್ಲ. ಜುಲೈನಿಂದ ಮಾರ್ಚಿನವರೆಗೆ ಅದರ ಫಲ ಸಿಗುತ್ತದೆ.

ನೋಟ್ ಪುಸ್ತಕದ ರಾಶಿ

ಶಿಕ್ಷಕಿಯರ ಚೀಲದಲ್ಲಿ ಮನೆಗೆ ಬರುವ ದೊಡ್ಡ ಹೊರೆ ನೋಟ್ ಪುಸ್ತಕ. ನಲವತ್ತು ಪುಸ್ತಕಕ್ಕೆ ಎರಡೆರಡು ನಿಮಿಷ ಕೊಟ್ಟರೂ 80 ನಿಮಿಷ, ಅದೂ ಒಂದೇ ವಿಷಯಕ್ಕೆ. ಕೆಂಪು ಶಾಯಿಯ ಸಹಿ ಇದ್ದರೆ ತಪಾಸಣೆಗೆ ಬಂದವರಿಗೂ ಸಮಾಧಾನ, ಪೋಷಕರಿಗೂ ಸಮಾಧಾನ. ಮಗು ಮಾತ್ರ ತಿದ್ದಿದ್ದನ್ನು ನೋಡದೆ ಮುಂದಿನ ಪುಟಕ್ಕೆ ಹೋಗಿರುತ್ತದೆ. ಇಂಗ್ಲೆಂಡಿನಲ್ಲಿ 2016ರಲ್ಲಿ ಇದನ್ನೇ ಪರಿಶೀಲಿಸಿದ ತಂಡವೊಂದು, ತಿದ್ದುವ ಕೆಲಸ ಅರ್ಥಪೂರ್ಣವಾಗಿರಬೇಕು, ಕೈಗೆಟುಕುವಷ್ಟಿರಬೇಕು, ಮಗುವಿಗೆ ಹುರುಪು ತರಬೇಕು ಎಂದು ಹೇಳಿತು. ಈ ಮೂರರಲ್ಲಿ ಯಾವುದೂ ಇಲ್ಲದಿದ್ದರೆ ರಾತ್ರಿ ಹತ್ತರವರೆಗೆ ಕಣ್ಣು ನೋಯಿಸಿಕೊಂಡದ್ದು ವ್ಯರ್ಥ.

ಹಾಗಾದರೆ ಮಾಡುವುದೇನು? ಮಕ್ಕಳು ಬರೆಯುತ್ತಿರುವಾಗಲೇ ಸಾಲುಗಳ ನಡುವೆ ಓಡಾಡಿ ಅಲ್ಲಲ್ಲೇ ತಿದ್ದಿ. ದಿನಕ್ಕೆ ಎಂಟೇ ಪುಸ್ತಕ ಕೂಲಂಕಷವಾಗಿ ನೋಡಿ, ಐದು ದಿನಕ್ಕೆ ನಲವತ್ತೂ ಮುಗಿಯುತ್ತವೆ. ಇಂದು ಒತ್ತಕ್ಷರ ಮಾತ್ರ, ನಾಳೆ ಲೆಕ್ಕದ ದಶಕ ಮಾತ್ರ ಎಂದು ಒಂದೊಂದೇ ತಪ್ಪನ್ನು ಹಿಡಿಯಿರಿ. ಹತ್ತು ಮಕ್ಕಳು ಒಂದೇ ತಪ್ಪು ಮಾಡಿದ್ದರೆ ಹತ್ತು ಕಡೆ ತಿದ್ದುವ ಬದಲು ಹಲಗೆಯ ಮೇಲೆ ಒಮ್ಮೆ ಬಿಡಿಸಿ ಹೇಳಿ.

ಊರಿನ ಕ್ಯಾಲೆಂಡರ್ ಹಿಡಿದ ಯೋಜನೆ

ವಾರ್ಷಿಕ ಪಾಠ ಯೋಜನೆ ರಾಜ್ಯಕ್ಕೆಲ್ಲ ಒಂದೇ ಅಚ್ಚಿನದು. ಹಂಗಾಮು ಮಾತ್ರ ಹೋಬಳಿಗೊಂದು. ಹುಣಸೂರು, ಪಿರಿಯಾಪಟ್ಟಣದ ಕಡೆ ಜುಲೈನಿಂದ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಬೇಯಲು ಶುರುವಾದರೆ ಮನೆಮಂದಿಗೆಲ್ಲ ಬಿಡುವಿಲ್ಲ. ಸೊಪ್ಪು ಕಟ್ಟುವ ಮನೆಯ ಮಗು ತಡವಾಗಿ ಬರುತ್ತದೆ, ತೂಕಡಿಸುತ್ತದೆ. ಕೆ.ಆರ್. ನಗರದ ನಾಲೆಯ ಬಯಲಿನಲ್ಲಿ ನಾಟಿ, ಕೊಯ್ಲು. ಸಂಕ್ರಾಂತಿ ಆಸುಪಾಸಿನಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆ. ಕಾಡಂಚಿನ ಕೋಟೆ ಸೀಮೆಯಲ್ಲಿ ಆನೆ ಬಂದಿದೆ ಎಂದರೆ ಮಕ್ಕಳು ಮನೆಯಿಂದ ಹೊರಡುವುದೇ ಇಲ್ಲ.

ಇವು ಆಕಸ್ಮಿಕಗಳಲ್ಲ, ವರ್ಷವೂ ಬರುವಂಥವು. ಹಾಜರಿ ಇಳಿಯುವ ವಾರಗಳನ್ನು ಮೇ ತಿಂಗಳಲ್ಲೇ ಗುರುತು ಹಾಕಿಟ್ಟುಕೊಂಡು, ಆ ವಾರಗಳಿಗೆ ಹೊಸ ಪಾಠದ ಬದಲು ಪುನರಾವರ್ತನೆ, ಓದು, ಗುಂಪು ಕೆಲಸ ಇಟ್ಟರೆ ಒಂದೇ ಪಾಠವನ್ನು ಎರಡೆರಡು ಸಲ ಮಾಡುವುದು ತಪ್ಪುತ್ತದೆ.

ಇನ್ನು ಮೊಬೈಲು. ತಾಲ್ಲೂಕಿನ ಗುಂಪು, ಕ್ಲಸ್ಟರ್ ಗುಂಪು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಗುಂಪು ಎಂದು ವಾಟ್ಸ್‌ಆ್ಯಪ್ ದಿನವಿಡೀ ಟಿಣ್ ಎನ್ನುತ್ತಲೇ ಇರುತ್ತದೆ. ಅದನ್ನು ನೋಡಲು ಮಧ್ಯಾಹ್ನದ ಊಟದ ಬಿಡುವು, ಸಂಜೆ ಗಂಟೆ ಹೊಡೆದ ಮೇಲೆ ಎಂದು ಎರಡೇ ಹೊತ್ತು ಇಟ್ಟುಕೊಳ್ಳುವುದು ಒಳ್ಳೆಯದು. ಎಸ್‌ಎಟಿಎಸ್, ಯು–ಡೈಸ್ ಎಂಬ ಆನ್‌ಲೈನ್ ದಾಖಲೆಗಳಿಗೆ ಪದೇ ಪದೇ ಕೇಳುವ ವಿವರಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ ಪ್ರತಿ ಸಲ ಬೀರು ತಡಕಾಡುವುದು ಉಳಿಯುತ್ತದೆ. ಕ್ಲಸ್ಟರಿನ ಹತ್ತು ಶಾಲೆಗಳಲ್ಲಿ ಹತ್ತು ಜನ ಅದೇ ಪ್ರಶ್ನೆಪತ್ರಿಕೆ ಬರೆಯುವ ಬದಲು ವಿಷಯಕ್ಕೊಬ್ಬರಂತೆ ಹಂಚಿಕೊಳ್ಳಬಹುದು.

ಮೈಸೂರಿನಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಶಿಕ್ಷಕರು ಬಹಳ. ಹುಣಸೂರಿಗೆ ಸುಮಾರು 45 ಕಿ.ಮೀ., ಪಿರಿಯಾಪಟ್ಟಣಕ್ಕೆ ಇನ್ನೂ ದೂರ. ಅಲ್ಲಿಂದ ಹಳ್ಳಿಗೆ ಮತ್ತೊಂದು ಬಸ್ಸೋ ಆಟೊವೋ. ಆ ಹೊತ್ತನ್ನೂ ‘ಸದುಪಯೋಗ’ ಮಾಡಿಕೊಳ್ಳಿ ಎನ್ನುವುದು ಅನ್ಯಾಯ. ಮನೆಯಲ್ಲಿ ಒಲೆ, ಮಕ್ಕಳ ಓದು, ವಯಸ್ಸಾದವರ ಆರೈಕೆ ಎಂಬ ಎರಡನೇ ಪಾಳಿ ಕಾಯುತ್ತಿರುವ ಶಿಕ್ಷಕಿ ಬಸ್ಸಿನಲ್ಲಿ ಕಣ್ಣುಮುಚ್ಚಿದರೆ ಅದು ಸೋಮಾರಿತನವಲ್ಲ. ನಾಳೆಯ ಪಾಠದ ತಯಾರಿಗೆ ಶಾಲೆ ಬಿಡುವ ಮುನ್ನದ ಹದಿನೈದು ನಿಮಿಷ ಸಾಕು. ಕಾಯ್ದೆ ಕೂಡ ಶಿಕ್ಷಕರ ವಾರದ 45 ಗಂಟೆಯನ್ನು ಪಾಠದ ತಯಾರಿಯನ್ನೂ ಸೇರಿಸಿಯೇ ಲೆಕ್ಕ ಹಾಕಿದೆ. ತಯಾರಿಯೂ ಕೆಲಸವೇ, ಮನೆಗೆ ಹೊತ್ತೊಯ್ಯುವ ಪಾಪವಲ್ಲ.

ಅಭ್ಯಾಸಕ್ಕೆ ದಕ್ಕದ ದಿನಗಳು

ಮೇಲೆ ಹೇಳಿದ್ದೆಲ್ಲ ನಿಮಿಷಗಳ ಲೆಕ್ಕ. ದಿನಗಳನ್ನೇ ನುಂಗುವ ಕೆಲಸಗಳ ಎದುರು ಯಾವ ಅಭ್ಯಾಸವೂ ನಿಲ್ಲುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಮತದಾರರ ಪಟ್ಟಿ ಪರಿಷ್ಕರಣೆಗೂ ರಜಾ ದಿನ ಮತ್ತು ಪಾಠವಿಲ್ಲದ ಹೊತ್ತಿನಲ್ಲಿ ಮಾತ್ರ ಅವರನ್ನು ಬಳಸಬೇಕೆಂದು ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ ಹೇಳಿದೆ. ಆದರೂ ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್‌ಒ) ಕೆಲಸ ವರ್ಷವಿಡೀ ಬೆನ್ನು ಬಿಡುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆ ಮನೆ ಸುತ್ತಿದರು. ಅದು ಮುಗಿಯದೆ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು.

ಜಪಾನಿನ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಾರೆಂದು ಒಇಸಿಡಿಯ ಅದೇ 2018ರ ಸಮೀಕ್ಷೆಯಲ್ಲಿ ಗೊತ್ತಾಯಿತು. ಅಲ್ಲಿನ ಸರ್ಕಾರ ಶಿಕ್ಷಕರಿಗೆ ಸಮಯ ನಿರ್ವಹಣೆಯ ಭಾಷಣ ಮಾಡಿ ಸುಮ್ಮನಾಗಲಿಲ್ಲ. ಕಾಗದಪತ್ರದ ಕೆಲಸಕ್ಕೆ ಶಾಲೆಗಳಲ್ಲಿ ಸಹಾಯಕರನ್ನು ನೇಮಿಸುವ ಯೋಜನೆಗೆ ಹಣ ಕೊಟ್ಟಿತು. ನಮ್ಮಲ್ಲಿ ಅಷ್ಟು ಬೇಡ, ಕ್ಲಸ್ಟರಿಗೊಬ್ಬ ಗುಮಾಸ್ತ ಸಿಕ್ಕರೂ ಸಾಕು. ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಕೇಳುವುದಿಲ್ಲ, ಶಾಲಾ ಅವಧಿಯಲ್ಲಿ ತುರ್ತು ಮಾಹಿತಿ ಕೇಳುವುದಿಲ್ಲ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗಳು ನಿಯಮ ಮಾಡಿಕೊಂಡರೆ ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮೂವತ್ತು ವರ್ಷದ ಹಿಂದೆ ಎಚ್.ಡಿ. ಕೋಟೆಯ ಮೇಷ್ಟ್ರುಗಳು ತರಗತಿಯ ಒಳಗಿನ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ರಾಜ್ಯಕ್ಕೇ ತೋರಿಸಿಕೊಟ್ಟರು. ತರಗತಿಯ ಹೊರಗೆ ಕಳೆದುಹೋಗುತ್ತಿರುವ ದಿನಗಳನ್ನು ಅವರಿಗೆ ವಾಪಸ್ ಕೊಡಿಸುವ ಹೊಣೆ ಇಲಾಖೆಯದು. ಅದನ್ನು ಕೇಳಿ ಪಡೆಯುವ ಹೊಣೆ ಎಸ್‌ಡಿಎಂಸಿಗಳಲ್ಲಿ ಕೂರುವ ನಮ್ಮಂಥ ಪೋಷಕರದು. ಮುಂದಿನ ಸಭೆಯಲ್ಲಿ ಕಟ್ಟಡ, ಸಮವಸ್ತ್ರದ ಮಾತಿಗೂ ಮೊದಲು ಒಂದು ಪ್ರಶ್ನೆ ಕೇಳಿ: ಕಳೆದ ತಿಂಗಳು ನಮ್ಮ ಮೇಷ್ಟ್ರಿಗೆ ಪಾಠ ಮಾಡಲು ಎಷ್ಟು ದಿನ ಸಿಕ್ಕಿತು?