ಮೊದಲ ಕಂತಿನ ಕಥೆ

ಹೊಸ ಬಗೆಯ ಬ್ಯಾಟರಿ ಮಾಡುತ್ತೇನೆಂದು ಹೊರಟವರು ಬ್ಯಾಂಕಿಗೆ ಹೋದರೆ ಮ್ಯಾನೇಜರು ಅಡಮಾನಕ್ಕೆ ಏನಿದೆ ಎಂದು ಕೇಳುತ್ತಾರೆ. ಬಂಡವಾಳ ಹೂಡುವವರ ಬಳಿ ಹೋದರೆ, ಓಡುವ ಬ್ಯಾಟರಿ ತೋರಿಸಿ ಆಮೇಲೆ ಮಾತಾಡೋಣ ಎನ್ನುತ್ತಾರೆ. ಆ ಬ್ಯಾಟರಿ ಮಾಡುವುದಕ್ಕೇ ದುಡ್ಡು ಬೇಕಾಗಿರುವುದು! ಮದುವೆ ಆಗೋತನಕ ಹುಚ್ಚು ಬಿಡಲ್ಲ, ಹುಚ್ಚು ಬಿಡೋತನಕ ಮದುವೆ ಆಗಲ್ಲ ಎಂಬ ಗಾದೆ ಹುಟ್ಟಿದ್ದು ಇಂಥವರಿಗಾಗಿಯೇ ಇರಬೇಕು.

ಈ ಗಂಟು ಬಿಚ್ಚಲು ಸರ್ಕಾರವೇ ವಾಪಸ್ ಕೇಳದ ಹಣ ಕೊಡಬೇಕು ಎನ್ನುವುದು ಇಂದು ಬೆಂಗಳೂರಿನ ಯಾವ ಸ್ಟಾರ್ಟಪ್ ಹುಡುಗರಿಗೂ ಹೊಸ ಮಾತಲ್ಲ. ‘ಬಿಗ್’, ‘ಎಲಿವೇಟ್’, ‘ನಿಧಿ-ಪ್ರಯಾಸ್’ ಎಂಬ ಹೆಸರುಗಳು ಅವರಿಗೆ ಬಾಯಿಪಾಠ. ಆದರೆ ಈ ಅನುದಾನಗಳ ನಕ್ಷೆ ಮೊದಲು ತಯಾರಾದದ್ದು 1970ರ ದಶಕದಲ್ಲಿ, ಅಮೆರಿಕದ ಒಂದು ಸರ್ಕಾರಿ ಕಚೇರಿಯಲ್ಲಿ.

ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನಲ್ಲಿ ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿಯಿದ್ದರು. ಸಂಶೋಧನೆಗೆಂದು ಸರ್ಕಾರ ಚೆಲ್ಲುತ್ತಿದ್ದ ಹಣದ ಬಹುಪಾಲು ವಿಶ್ವವಿದ್ಯಾಲಯಗಳಿಗೂ ದೊಡ್ಡ ಕಂಪನಿಗಳಿಗೂ ಹೋಗುತ್ತಿತ್ತು. ಸಣ್ಣ ಉದ್ಯಮಗಳಿಗೂ ಪಾಲು ಸಿಗಲಿ ಎಂದು ಸೆನೆಟರ್ ಎಡ್ವರ್ಡ್ ಕೆನಡಿ ಒತ್ತಡ ಹಾಕುತ್ತಿದ್ದರು. ಟಿಬೆಟ್ಸ್ ರೂಪಿಸಿದ ಯೋಜನೆ 1977ರಲ್ಲಿ ಮೊದಲ ಬಾರಿ ಅರ್ಜಿ ಕರೆಯಿತು. ಅದರಲ್ಲಿದ್ದದ್ದು ಮೂರು ಹಂತ. ಮೊದಲನೆಯದಕ್ಕೆ ಸಣ್ಣ ಮೊತ್ತ, ಕೆಲವೇ ತಿಂಗಳ ಅವಧಿ: ವಿಚಾರದಲ್ಲಿ ಹುರುಳಿದೆಯೇ, ತೋರಿಸಿ. ತೋರಿಸಿದವರಿಗೆ ಎರಡನೆಯ ಹಂತದಲ್ಲಿ ದೊಡ್ಡ ಮೊತ್ತ. ಮೂರನೆಯ ಹಂತದಲ್ಲಿ ಯೋಜನೆಯಿಂದ ಬಿಡಿಗಾಸೂ ಇಲ್ಲ. ಅಷ್ಟು ಹೊತ್ತಿಗೆ ಮಾರುಕಟ್ಟೆಯೋ ಖರೀದಿದಾರನಾಗಿ ಸರ್ಕಾರವೋ ಕೈಹಿಡಿಯಬೇಕು. ಕಂಪನಿಯಲ್ಲಿ ಸರ್ಕಾರಕ್ಕೆ ಷೇರೂ ಬೇಡ. ನನಗೆ ಟಿಬೆಟ್ಸ್ ಜಾಣತನ ಕಾಣುವುದು ಈ ಮೂರನೆಯ ಹಂತದಲ್ಲಿ. ಕೊಡುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಕಾಗದದಲ್ಲೇ ಬರೆದಿಟ್ಟ ಸರ್ಕಾರಿ ಯೋಜನೆಗಳು ಎಷ್ಟಿವೆ?

1982ರ ಜುಲೈಯಲ್ಲಿ ಅದು ಕಾಯ್ದೆಯಾಯಿತು. ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಪಾಲಿಗೆ ಕತ್ತರಿ ಬೀಳುತ್ತದೆಂದು ಜೋರಾಗಿಯೇ ವಿರೋಧಿಸಿದ್ದವು. ಸರ್ಕಾರ ಚಿಕ್ಕದಿರಬೇಕು ಎನ್ನುತ್ತಲೇ ಗೆದ್ದು ಬಂದಿದ್ದ ರೊನಾಲ್ಡ್ ರೇಗನ್ ಅದಕ್ಕೆ ಸಹಿ ಹಾಕಿದರು. ಎಸ್‌ಬಿಐಆರ್ ಎಂಬ ಹೆಸರಿನ ಈ ಯೋಜನೆಗೆ ಬಜೆಟ್ಟಿನಲ್ಲಿ ಬೇರೆ ಹಣ ಇಡಲಿಲ್ಲ. ಹೊರಗಿನವರಿಂದ ಸಂಶೋಧನೆ ಮಾಡಿಸಲು 10 ಕೋಟಿ ಡಾಲರಿಗಿಂತ ಹೆಚ್ಚು ಖರ್ಚು ಮಾಡುವ ಪ್ರತಿ ಇಲಾಖೆಯೂ ಅದರಲ್ಲಿ ಇಂತಿಷ್ಟು ಪಾಲನ್ನು ಸಣ್ಣ ಉದ್ಯಮಗಳಿಗೆ ತೆಗೆದಿಡಲೇಬೇಕೆಂದು ಕಾಯ್ದೆ ವಿಧಿಸಿತು. ಶೇ 0.2ರಿಂದ ಶುರುವಾದ ಪಾಲು ಈಗ ಶೇ 3.2. ಮಂತ್ರಿ ಬದಲಾದರೆ, ಕಾರ್ಯದರ್ಶಿ ವರ್ಗವಾದರೆ ಹಣ ನಿಲ್ಲುವ ಮಾತಿಲ್ಲ. ಕಾಯ್ದೆಯನ್ನೇ ಆಗಾಗ ನವೀಕರಿಸಬೇಕೆನ್ನುವುದೊಂದು ತೊಡಕು. 2025ರ ಸೆಪ್ಟೆಂಬರ್ 30ಕ್ಕೆ ಅವಧಿ ಮುಗಿದಾಗ ಹೊಸ ಅನುದಾನಗಳಿಗೆ ತಡೆ ಬಿದ್ದದ್ದು ಹಾಗೆ.

ಸಿಮ್ಯಾಂಟೆಕ್, ಕ್ವಾಲ್‌ಕಾಮ್ ಎಳೆಯ ಕಂಪನಿಗಳಾಗಿದ್ದಾಗ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನ ಹಣ ಉಂಡವೇ. ಆದರೆ ಗೆದ್ದವರ ಹೆಸರು ಹೇಳಿ ಯೋಜನೆ ಗೆದ್ದಿತೆನ್ನುವುದು ಸುಲಭ. ಅನುದಾನ ಸಿಗದಿದ್ದರೂ ಅವರು ಗೆಲ್ಲುತ್ತಿದ್ದರೋ ಏನೋ! ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು 2017ರಲ್ಲಿ, ಅದೂ ಶುದ್ಧ ಇಂಧನದ ಕಡೆಯಿಂದ. ಅರ್ಥಶಾಸ್ತ್ರಜ್ಞೆ ಸಬ್ರಿನಾ ಹೊವೆಲ್ ಅಮೆರಿಕದ ಇಂಧನ ಇಲಾಖೆಯ ಹಳೆಯ ಕಡತಗಳನ್ನು ಹಿಡಿದು ಕೂತರು. ಅಧಿಕಾರಿಗಳು ಅರ್ಜಿದಾರರಿಗೆ ರ‍್ಯಾಂಕ್ ಕೊಟ್ಟಿದ್ದ ಪಟ್ಟಿಗಳು ಅವು. ಕೂದಲೆಳೆಯಲ್ಲಿ ಅನುದಾನ ಪಡೆದವರನ್ನೂ ಕೂದಲೆಳೆಯಲ್ಲಿ ಕಳೆದುಕೊಂಡವರನ್ನೂ ಅವರು ಹೋಲಿಸಿದರು. ಇಬ್ಬರ ಯೋಗ್ಯತೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ; ಒಬ್ಬರಿಗೆ ದುಡ್ಡು ಸಿಕ್ಕಿತು, ಇನ್ನೊಬ್ಬರಿಗೆ ಇಲ್ಲ, ಅಷ್ಟೇ. ಮೊದಲ ಹಂತದ ಒಂದೂವರೆ ಲಕ್ಷ ಡಾಲರ್ ಪಡೆದವರಿಗೆ ಮುಂದೆ ವೆಂಚರ್ ಕ್ಯಾಪಿಟಲ್ ಸಿಗುವ ಸಾಧ್ಯತೆ ಸುಮಾರು ಎರಡು ಪಟ್ಟಾಗಿತ್ತು. ಪೇಟೆಂಟುಗಳೂ ವರಮಾನವೂ ಏರಿದ್ದವು. ಕೈಯಲ್ಲಿ ಕಾಸಿಲ್ಲದ ಕಂಪನಿಗಳಿಗೆ ಲಾಭ ಇನ್ನೂ ಹೆಚ್ಚು. ಹತ್ತು ಲಕ್ಷ ಡಾಲರಿನ ಎರಡನೆಯ ಹಂತದಿಂದ ಮಾತ್ರ ಅಂಥ ಪರಿಣಾಮವೇ ಕಾಣಲಿಲ್ಲ.

ಸರ್ಕಾರದ ಮುದ್ರೆ ಬಿದ್ದಿದೆ ಎಂಬ ನಂಬಿಕೆಯಿಂದ ಹೂಡಿಕೆದಾರರು ಬಂದರೇ? ಅದಲ್ಲ ಎನ್ನುತ್ತಾರೆ ಹೊವೆಲ್. ಆ ಹಣದಲ್ಲಿ ಒಂದು ಮಾದರಿ ತಯಾರಾಗುತ್ತಿತ್ತು, ಅದನ್ನು ನೋಡಿ ಬಂದರು. ಆ್ಯಪ್ ಬರೆಯುವವರಿಗೆ ಒಂದು ಲ್ಯಾಪ್‌ಟಾಪ್ ಸಾಕು. ಬಯೊಗ್ಯಾಸ್ ಘಟಕಕ್ಕೋ ಸೋಲಾರ್ ಸೆಲ್ಲಿಗೋ ಕಬ್ಬಿಣ, ಗಾಜು, ರಾಸಾಯನಿಕ, ಪರೀಕ್ಷೆಯ ಯಂತ್ರ ಎಲ್ಲವೂ ಬೇಕು. ಮೊದಲ ಕಂತಿನ ಬೆಲೆ ಗೊತ್ತಾಗುವುದು ಇಂಥ ಕಡೆ.

ಭಾರತಕ್ಕೆ ಈ ನಕ್ಷೆ ಬಂದದ್ದು ಜೈವಿಕ ತಂತ್ರಜ್ಞಾನ ಇಲಾಖೆಯ ಮೂಲಕ. 2005ರಲ್ಲಿ ಇಲಾಖೆ ಶುರುಮಾಡಿದ ಯೋಜನೆಯ ಹೆಸರು ಎಸ್‌ಬಿಐಆರ್‌ಐ. ಅಮೆರಿಕದ ಹೆಸರಿಗೆ ಒಂದಕ್ಷರ ಸೇರಿದೆ, ಮುಚ್ಚುಮರೆ ಏನಿಲ್ಲ. 2012ರಲ್ಲಿ ಬೈರಾಕ್ ಸಂಸ್ಥೆ ಹುಟ್ಟಿ ‘ಬಿಗ್’ ಅನುದಾನ ತಂದಿತು: 18 ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ. ಬೆಂಗಳೂರಿನ ಸಿ-ಕ್ಯಾಂಪ್ ಅದನ್ನು ಹಂಚುವ ಸಂಸ್ಥೆಗಳಲ್ಲೊಂದು. ಕರ್ನಾಟಕ 2015ರ ಸ್ಟಾರ್ಟಪ್ ನೀತಿಯಡಿ ತನ್ನದೇ ಅನುದಾನಕ್ಕೆ ಕೈಹಾಕಿತು. 2017ರ ‘ಎಲಿವೇಟ್’ ಸ್ಪರ್ಧೆ ಬಂದದ್ದು ಅದರ ಬೆನ್ನಿಗೆ. ಇಲ್ಲೂ ಮಿತಿ 50 ಲಕ್ಷವೇ.

ನಕ್ಷೆಯೇನೋ ಬಂತು, ಶೇಕಡಾವಾರು ಪಾಲಿನ ಕಟ್ಟು ಬರಲಿಲ್ಲ. ಹಾಗೆಂದು ಖಾತ್ರಿಯ ಹಣ ಹುಡುಕುವ ಪ್ರಯತ್ನ ಇಲ್ಲಿ ಆಗಲೇ ಇಲ್ಲವೆಂದಲ್ಲ. 2010ರ ಬಜೆಟ್ಟಿನಲ್ಲಿ ಪ್ರಣವ್ ಮುಖರ್ಜಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿ, ಅದರಿಂದ ಶುದ್ಧ ಇಂಧನದ ಸಂಶೋಧನೆಗೂ ಹೊಸ ಯೋಜನೆಗಳಿಗೂ ನಿಧಿ ಕಟ್ಟುವುದಾಗಿ ಘೋಷಿಸಿದರು. ಹೊಗೆ ಕಾರುವವನೇ ಹೊಗೆಯಿಲ್ಲದ ದಾರಿಗೆ ಸುಂಕ ಕಟ್ಟಲಿ ಎಂಬ ಲೆಕ್ಕ ಚೆನ್ನಾಗಿಯೇ ಇತ್ತು. 2016ರ ಹೊತ್ತಿಗೆ ಸೆಸ್ 400 ರೂಪಾಯಿಗೆ ಏರಿತು. 2010-11ರಿಂದ 2017-18ರವರೆಗೆ ಸಂಗ್ರಹವಾದದ್ದು 86,440 ಕೋಟಿ ರೂಪಾಯಿ. ಅದರಲ್ಲಿ ನಿಧಿಗೆ ತಲುಪಿದ್ದು 29,645 ಕೋಟಿ, ಯೋಜನೆಗಳಿಗೆ ಸಿಕ್ಕಿದ್ದು 15,911 ಕೋಟಿ. ಉಳಿದದ್ದು ಈ ಕೆಲಸಕ್ಕೆ ಬರಲೇ ಇಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಅದೇ 400 ರೂಪಾಯಿ ಹೆಸರು ಬದಲಿಸಿಕೊಂಡು ರಾಜ್ಯಗಳ ನಷ್ಟ ತುಂಬಲು ಹೋಯಿತು. ಅದರಲ್ಲಿ ಕರ್ನಾಟಕಕ್ಕೂ ಪಾಲು ಬಂತು, ಹಾಗಾಗಿ ನಾವು ಜೋರಾಗಿ ದೂರುವಂತಿಲ್ಲ. 2025ರ ಸೆಪ್ಟೆಂಬರ್ 22ರಂದು ಆ ಸೆಸ್ಸೂ ರದ್ದಾಯಿತು.

ಅದೇ ವರ್ಷ ಜುಲೈಯಲ್ಲಿ ಕೇಂದ್ರ ಸಂಪುಟ ಸಂಶೋಧನೆ ಮತ್ತು ನಾವೀನ್ಯಕ್ಕೆಂದು 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಶುದ್ಧ ಇಂಧನವೂ ಅದರ ವ್ಯಾಪ್ತಿಯಲ್ಲಿದೆ. ಮೊತ್ತ ದೊಡ್ಡದು, ಅನುಮಾನವಿಲ್ಲ. ಆದರೆ ಅದು ಕೊಡುವುದು ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಮತ್ತು ಷೇರು ಬಂಡವಾಳ. ಅದೂ ಲ್ಯಾಬಿನಲ್ಲಿ ಒಂದು ಹಂತದವರೆಗೆ ರುಜುವಾತಾದ ತಂತ್ರಜ್ಞಾನಕ್ಕೆ. ಅಲ್ಲಿಯವರೆಗೆ ಬರಲು ಬೇಕಾದ ದುಡ್ಡಿಗೆ ಬಿಗ್, ಎಲಿವೇಟ್‌ಗಳ 50 ಲಕ್ಷವೇ ಗತಿ.